ಪಾತ್ರ ಅದಲುಬದಲು ಮಾಡಿದ ಮೇಲೆ

ಹಿಂದಿನ ಚುನಾವಣೆ ಹೊತ್ತಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪು ಒಡೆದುಹೋಯಿತು. ಮೀಸಲಾತಿಯಿಂದ ಶುರುವಾದ ಮಾತು ಜಾತಿಗೆ ಬಂತು, ಅಲ್ಲಿಂದ ಧರ್ಮಕ್ಕೆ ಹೋಯಿತು, ಕೊನೆಗೆ ನಮ್ಮಣ್ಣ, ತಂಗಿ ಮಗ ಇಬ್ಬರೂ ಗುಂಪು ಬಿಟ್ಟರು. ಗೌರಿ ಹಬ್ಬದ ದಿನ ಒಂದೇ ಸಾಲಲ್ಲಿ ಊಟಕ್ಕೆ ಕೂತಿದ್ದರು. ತುಪ್ಪ ಬೇಕಾದರೂ ನಡುವೆ ಕೂತಿದ್ದ ನನಗೆ ಹೇಳಿದರೇ ಹೊರತು ಒಬ್ಬರನ್ನೊಬ್ಬರು ಕೇಳಲಿಲ್ಲ.

ಇವರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ಒಬ್ಬರು ಒಂದು ವಿಡಿಯೋ ಕಳಿಸಿದರೆ ಇನ್ನೊಬ್ಬರು ಎರಡು ಕಳಿಸ್ತಾರೆ. ನನಗೆ ನೌಕರಿಯಲ್ಲಿದ್ದಾಗ ಹವ್ಯಾಸಿ ನಾಟಕದ ಹುಚ್ಚಿತ್ತು. ಹಾಗಾಗಿ ಇವತ್ತಿನ ಜಗಳ ಬದಿಗಿಟ್ಟು ಎಂಟುನೂರು ವರ್ಷ ಹಿಂದಿನ ಜಗಳ ಓದೋಣ ಅನ್ನಿಸಿತು. ಭಾನುವಾರ ಸಂಜೆ ನಮ್ಮ ಹಾಲ್‌ನಲ್ಲಿ, ಮಂಡಕ್ಕಿ ಮಿರ್ಚಿ ಆಸೆ ತೋರಿಸಿ ಏಳು ಜನ ಸೇರಿಸಿದೆ. ಗಿರೀಶ ಕಾರ್ನಾಡರ 'ತಲೆದಂಡ', ಬಸವಣ್ಣನ ಕಾಲದ ಕಲ್ಯಾಣದ ನಾಟಕ. ನನ್ನದೊಂದು ಪ್ರತಿ, ಲೈಬ್ರರಿಯಿಂದ ಎರಡು.

ಮೊದಲನೇ ವಾರ ದೊಡ್ಡ ತಪ್ಪು ಮಾಡಿದೆ. ಯಾರಿಗೆ ಯಾವ ಪಾತ್ರ ಬೇಕೋ ತಗೊಳ್ಳಿ ಅಂದೆ. ತಂಗಿ ಮಗ ಬಸವಣ್ಣನನ್ನು ತಗೊಂಡ. ಅಣ್ಣ ಆಸ್ಥಾನದ ಪಂಡಿತ ದಾಮೋದರ ಭಟ್ಟನನ್ನು ತಗೊಂಡ. ಏನಾಯಿತು ಅಂದರೆ, ಅದೇ ವಾಟ್ಸಾಪ್ ಜಗಳ, ಭಾಷೆ ಮಾತ್ರ ಚೆಂದ.

ಎರಡನೇ ವಾರ ಪಾತ್ರ ನಾನೇ ಹಂಚಿದೆ, ಅದೂ ಉಲ್ಟಾ. ಹುಡುಗನಿಗೆ ಕಲ್ಯಾಣದ ರಾಜ ಬಿಜ್ಜಳ, ಅಣ್ಣನಿಗೆ ಬಸವಣ್ಣ. ಹುಡುಗ ರಾಜ ಅಂದರೆ ಖಳ ಅಂತಲೇ ಗಂಟಲು ದಪ್ಪ ಮಾಡಿಕೊಂಡು ಶುರು ಮಾಡಿದ. ಆದರೆ ಕಾರ್ನಾಡರ ಬಿಜ್ಜಳ ಕ್ಷೌರಿಕರ ಮೂಲದವನು, ಅವನ ಮನೆತನ ತಲೆತಲಾಂತರದಿಂದ ಕ್ಷತ್ರಿಯರು ಅನ್ನಿಸಿಕೊಳ್ಳಲು ಒದ್ದಾಡಿದೆ, ಆ ಅವಮಾನ ಸಿಂಹಾಸನದ ಮೇಲೆ ಕೂತರೂ ಹೋಗಿಲ್ಲ. ಆ ಭಾಗ ಬಂದಾಗ ಹುಡುಗನ ದನಿ ತಾನಾಗೇ ಇಳಿಯಿತು. ಅಣ್ಣನದು ಇನ್ನೊಂದು ಥರ. ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಸಮಗಾರ ಮೂಲದ ಹರಳಯ್ಯನ ಮಗನಿಗೆ ಕೊಡ್ತಾರೆ ಅನ್ನೋ ಸುದ್ದಿ ಬಂದಾಗ ನಾಟಕದ ಬಸವಣ್ಣ ಹಿಗ್ಗುವುದಿಲ್ಲ, ಮುಂದಿನ ಅನಾಹುತ ಅವನಿಗೆ ಕಾಣುತ್ತದೆ. ಅಣ್ಣನಿಗೆ ಖುಷಿಯೋ ಖುಷಿ. "ನೋಡ್ರಪ್ಪಾ, ನಾನೂ ಇದನ್ನೇ ಹೇಳ್ತಿರೋದು!" ಅಂದ. "ದೊಡ್ಡ ಮಾವ, ಮುಂದೆ ಓದಿ" ಅಂದ ಹುಡುಗ. ಗೌರಿ ಹಬ್ಬದ ನಂತರ ಅವರಿಬ್ಬರೂ ನೇರ ಆಡಿದ ಮೊದಲ ಮಾತು ಅದು.

ಚಹಾ ತಂದ ನನ್ನ ಹೆಂಡತಿಗೆ ಹೆಣ್ಣಿನ ತಾಯಿ ಲಲಿತಾಂಬೆಯ ಪಾತ್ರ ಕೊಟ್ಟೆ. ಅರ್ಧ ಓದಿ ಪುಸ್ತಕ ಮಡಿಚಿದಳು. "ಗಂಡಸರು ಚರ್ಚೆ ಮಾಡ್ತೀರಿ. ಹೋಗಿ ಆ ಮನೇಲಿ ಬಾಳೋಳು ಹುಡುಗಿ. ಅವಳನ್ನ ಯಾರಾದ್ರೂ ಕೇಳಿದ್ರಾ?" ಆ ಸಂಜೆ ಓದು ಅಲ್ಲಿಗೇ ನಿಂತಿತು, ಮಾತು ಒಂಬತ್ತರವರೆಗೂ ನಡೆಯಿತು.

"ಇದೆಲ್ಲ ನಿಜವಾಗಿ ನಡೆದಿದ್ದಾ?" ಅಂತ ಅಣ್ಣ ಕೇಳಿದ. ಒಳ್ಳೇ ಪ್ರಶ್ನೆ. ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಮೂರು ಕಲಂ ಗೀಚಿದೆ. ಶಾಸನದಲ್ಲಿ ಇರೋದು, ಆಮೇಲೆ ಬಂದ ಕಾವ್ಯ ಪುರಾಣಗಳಲ್ಲಿ ಇರೋದು, ನಾಟಕಕಾರರು ಕಟ್ಟಿಕೊಂಡದ್ದು. ಬಿಜ್ಜಳ ಕಲ್ಯಾಣ ಆಳಿದ್ದಕ್ಕೆ ಶಾಸನಗಳಿವೆ. ಬಸವಣ್ಣನ ಹೆಸರು 1260ರ ಅರ್ಜುನವಾಡ ಶಾಸನದಲ್ಲಿದೆ. ಹರಳಯ್ಯ, ಮಧುವರಸರ ಕಥೆ ಬಂದದ್ದು ಕಾವ್ಯ ಪುರಾಣಗಳಿಂದ. ಮೂರನೇ ಕಲಂ ಎಲ್ಲಕ್ಕಿಂತ ಉದ್ದ ಆಯಿತು.

ಅದರ ಕೆಳಗೆ ಮೂರು ಇಸವಿ ಬರೆದೆ. ಕಥೆ ನಡೆಯೋದು 1168ರ ಸುಮಾರಿಗೆ. ಪುಸ್ತಕ ಬಂದದ್ದು 1990. ನಾವು ಓದ್ತಿರೋದು ಈಗ. ಈ ನಡುವಿನ ಇಸವಿ ಇದೆಯಲ್ಲ, ಅದನ್ನು ಯಾರೂ ನೋಡೋದಿಲ್ಲ, ಬೀಗದ ಕೈ ಇರೋದೇ ಅಲ್ಲಿ. ಒಂದು ಕಡೆ ಮಂಡಲ್ ವರದಿಯ ಮೀಸಲಾತಿ ಗಲಾಟೆ, ಇನ್ನೊಂದು ಕಡೆ ಅಯೋಧ್ಯೆಯ ಮಂದಿರದ ಚಳವಳಿ. ಕಲ್ಯಾಣದ ಪ್ರಶ್ನೆಗಳು ಮತ್ತೆ ಬೀದಿಗೆ ಬಂದಿವೆ ಅಂತ ಅನ್ನಿಸಿಯೇ ಕಾರ್ನಾಡರು ಅದನ್ನು ಬರೆದದ್ದು. ಅದೇ ಕಲ್ಯಾಣವನ್ನು ಪಿ. ಲಂಕೇಶರು 1971ರ 'ಸಂಕ್ರಾಂತಿ' ನಾಟಕದಲ್ಲಿ ನೋಡಿದ್ದರು, ಎಚ್.ಎಸ್. ಶಿವಪ್ರಕಾಶರು 'ಮಹಾಚೈತ್ರ' ನಾಟಕದಲ್ಲಿ ಇನ್ನೊಂದು ಥರ ನೋಡಿದರು. ಆಗ ಏನಾಯಿತು ಅಂತ ಜಗಳ ಆಡೋದಕ್ಕಿಂತ, ಬರೆದವರಿಗೆ ತಮ್ಮ ಕಾಲದ ಬಗ್ಗೆ ಏನು ಅಳುಕಿತ್ತು ಅಂತ ಕೇಳೋದು ನಮಗೆ ಸಲೀಸಾಯಿತು. ಅದನ್ನು ಕೇಳಿದ ಮೇಲೆ ನಮ್ಮ ಅಳುಕೂ ಹೊರಗೆ ಬರುತ್ತೆ.

ಭಾನುವಾರ ನಾಟಕದ ಜೊತೆ ಸಿನಿಮಾನೂ ನೋಡತೊಡಗಿದೆವು. ಅಲ್ಲಿ ಒಂದು ಸಲ ಎಡವಿದೆ. ಹುಡುಗರು ಕೇಳಿದರು ಅಂತ ಕತ್ತಿ, ಕುದುರೆ, ಕೋಟೆಯ ಒಂದು ಅದ್ದೂರಿ ಚಿತ್ರ ಹಾಕಿದೆ. ಕಣ್ಣಿನ ಕಾಡಿಗೆ ನೋಡಿಯೇ ಶತ್ರು ಯಾರು ಅಂತ ಹೇಳಬಹುದು, ಅಂಥದ್ದು. ಚಪ್ಪಾಳೆ ಹೊಡೆದರು, ಬಂದ ಹಾಗೇ ಎದ್ದು ಹೋದರು.

ಮುಂದಿನ ವಾರ 'ಗರಂ ಹವಾ'. ಮಾಡಿದವರು ನಮ್ಮ ಮೈಸೂರಿನ ಎಂ.ಎಸ್. ಸತ್ಯು, 1973ರದು. ದೇಶ ಎರಡಾದ ಮೇಲೆ ಆಗ್ರಾದಲ್ಲೇ ಉಳಿದ ಸಲೀಂ ಮಿರ್ಜಾನ ಚಪ್ಪಲಿ ಕಾರ್ಖಾನೆಗೆ ಸಾಲ ಹುಟ್ಟುವುದಿಲ್ಲ. ಮನೆ ಅಣ್ಣನ ಹೆಸರಲ್ಲಿದೆ, ಅಣ್ಣ ಪಾಕಿಸ್ತಾನಕ್ಕೆ ಹೋಗಿದ್ದಾನೆ, ಹಾಗಾಗಿ ಮನೆಯೂ ಹೋಗುತ್ತದೆ. ಬಿಟ್ಟು ಹೊರಡುವ ದಿನ ಮುದುಕಿ ತಾಯಿ ಸೌದೆ ಕೋಣೆಯಲ್ಲಿ ಅಡಗಿ ಕೂತಿರುತ್ತಾಳೆ. ಆಮೇಲೆ ಆತ ಬಾಡಿಗೆ ಮನೆ ಹುಡುಕಿ ಅಲೆಯುತ್ತಾನೆ. ಹೆಸರು ಕೇಳಿದರೆ ಮನೆ ಇಲ್ಲ.

ಅಲ್ಲಿ ನನ್ನ ಕಿವಿ ಬಿಸಿಯಾಯಿತು. ನಮ್ಮ ಮೇಲಿನ ಮನೆ ಆಗ ಎರಡು ತಿಂಗಳಿಂದ ಖಾಲಿ ಇತ್ತು. ಹಿಂದಿನ ವಾರವಷ್ಟೇ ಒಬ್ಬರು ಫೋನ್ ಮಾಡಿದ್ದರು, ಹೆಸರು ಕೇಳಿ "ಈಗಾಗ್ಲೇ ಮಾತಾಗಿದೆ" ಅಂದಿದ್ದೆ. ಭಾನುವಾರ ನಾಟಕ ಓದಿಸೋ ನಾನೇ. ಹೆಂಡತಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಎಲ್ಲ ಹೋದ ಮೇಲೆ ಲೋಟ ತೊಳೀತಾ ಕೇಳಿದಳು, "ಆ ನಂಬರ್ ಇದೆಯಾ?"

ಇತ್ತು. ಬೆಳಿಗ್ಗೆ ಫೋನ್ ಮಾಡಿದೆ. ಆ ಮನುಷ್ಯ ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. "ಪರವಾಗಿಲ್ಲ ಸಾರ್, ಬೇರೆ ಕಡೆ ಸಿಕ್ತು" ಅಂದರು. ಎಲ್ಲಿ ಅಂತ ಕೇಳಿದೆ. ಈಗ ಅವರ ಜನ ಇರೋ ಬಡಾವಣೆಯಲ್ಲೇ, ಆಫೀಸಿಗೆ ಏಳು ಕಿಲೋಮೀಟರ್ ದೂರ.