ನಾಲ್ಕು ದಿನ ಬಾಳಿದ ಪಕ್ಷದ ಪತ್ರಿಕೆಯ ಚರಿತ್ರೆ ಹುಡುಕುವುದು ಹೇಗೆ?

ಪಕ್ಷ ಒಡೆಯುತ್ತದೆ, ಹೊಸ ಬಣಕ್ಕೊಂದು ಪತ್ರಿಕೆ ಬೇಕಾಗುತ್ತದೆ, ಚುನಾವಣೆ ಮುಗಿಯುತ್ತದೆ, ಪತ್ರಿಕೆಯೂ ಮುಗಿಯುತ್ತದೆ. ಇಂಥದ್ದರ ಕಥೆ ಬರೆಯಲು ಹೊರಟವರು ಮೊದಲು ಓಡುವುದು ಹಳೇ ನಾಯಕರ ಮನೆಗೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅವರಿಗೆ ನೆನಪಿರುವುದು ಬಿಡುಗಡೆ ಸಮಾರಂಭ. ಪ್ರೆಸ್ಸಿನ ಬಾಕಿ ಎಷ್ಟಿತ್ತು ಅನ್ನುವುದು ನೆನಪಿರುವುದಿಲ್ಲ, ಇದ್ದರೂ ಹೇಳುವುದಿಲ್ಲ.

ಮೊದಲು ಒಂದೇ ಒಂದು ಪ್ರತಿ ಹುಡುಕಿ. ಸಿಕ್ಕ ಕೂಡಲೇ ತಲೆಬರಹ ಓದಬೇಡಿ, ಸಣ್ಣಕ್ಷರದಲ್ಲಿರುವ ಮುದ್ರಕ, ಪ್ರಕಾಶಕರ ಸಾಲು ಓದಿ. ಹೆಚ್ಚಾಗಿ ಕೊನೆ ಪುಟದ ಅಡಿಯಲ್ಲಿರುತ್ತದೆ. ಯಾರು ಅಚ್ಚು ಹಾಕಿದರು, ಎಲ್ಲಿ ಹಾಕಿದರು, ಯಾರು ಪ್ರಕಟಿಸಿದರು ಅನ್ನುವುದನ್ನು ಹಾಕಲೇಬೇಕು ಅಂತ 1867ರ ಕಾಯ್ದೆಯೇ ಹೇಳಿತ್ತು, ಹಾಗಾಗಿ ಎಂಥ ಬಡ ಪತ್ರಿಕೆಯಲ್ಲೂ ಈ ಸಾಲು ಇರುತ್ತದೆ. ನಾಲ್ಕೈದು ಸಂಚಿಕೆ ಸಿಕ್ಕರೆ ಈ ಸಾಲುಗಳನ್ನೇ ಪಕ್ಕಪಕ್ಕ ಇಟ್ಟು ನೋಡಿ. ಪ್ರೆಸ್ ಬದಲಾಗಿದ್ದರೆ ಬಾಕಿ ಉಳಿದಿತ್ತೇನೋ ಅಂತ ಅನುಮಾನಪಡಿ. ಪ್ರಕಾಶಕರ ಹೆಸರು ಬದಲಾಗಿದ್ದರೆ ಪಕ್ಷದೊಳಗೆ ಏನೋ ನಡೆದಿದೆ.

ಇನ್ನೊಂದು ಚಿನ್ನದಂಥ ಪುಟ ಇದೆ, ಜಾಸ್ತಿ ಜನ ನೋಡುವುದೇ ಇಲ್ಲ. 1956ರ ನಿಯಮದ ಪ್ರಕಾರ ಪ್ರತಿವರ್ಷ ಫೆಬ್ರವರಿ ಕಳೆದ ಮೇಲೆ ಬರುವ ಮೊದಲ ಸಂಚಿಕೆಯಲ್ಲಿ ಫಾರಂ 4 ಅನ್ನುವ ಹೇಳಿಕೆ ಹಾಕಬೇಕಿತ್ತು. ಅದರಲ್ಲಿ ಮಾಲೀಕರು ಯಾರು, ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಇರುವವರು ಯಾರು ಅಂತ ಹೆಸರು ಸಮೇತ ಇರುತ್ತದೆ. "ಜನರ ಪತ್ರಿಕೆ" ಅಂತ ಮುಖಪುಟದಲ್ಲಿ ಬರೆದುಕೊಂಡದ್ದು ಯಾರ ಮನೆಯದ್ದು ಅಂತ ಇಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಮಾರ್ಚ್ ತಿಂಗಳ ಸಂಚಿಕೆ ಎಲ್ಲಿದ್ದರೂ ಬಿಡಬೇಡಿ.

ಆಮೇಲೆ ಸರ್ಕಾರಿ ದಾಖಲೆ. 1956ರಿಂದ ಕೇಂದ್ರದಲ್ಲಿ ಪತ್ರಿಕಾ ರಿಜಿಸ್ಟ್ರಾರ್ ಕಚೇರಿ ಇದೆ, ಅದರ ವಾರ್ಷಿಕ ವರದಿಗಳೂ ಇವೆ. ಪ್ರಕಾಶಕರು ಮ್ಯಾಜಿಸ್ಟ್ರೇಟರ ಮುಂದೆ ಡಿಕ್ಲರೇಷನ್, ಅಂದರೆ ಈ ಪತ್ರಿಕೆಯ ಪ್ರಕಾಶಕ ನಾನೇ ಅನ್ನುವ ಲಿಖಿತ ಘೋಷಣೆ, ಕೊಡಬೇಕಿತ್ತು, ಅಂದರೆ ಜಿಲ್ಲಾ ಕಚೇರಿಯಲ್ಲೂ ಕಾಗದ ಹುಟ್ಟಿರುತ್ತದೆ. ಹತ್ತು ರೂಪಾಯಿ ಕಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಪತ್ರಿಕೆಯ ಹೆಸರು ಯಾರ ಪಾಲಿಗಿತ್ತು ಅಂತ ಕೇಳಿ. ಪ್ರಸಾರ ಸಂಖ್ಯೆಯನ್ನು ಮಾತ್ರ ಸುಮ್ನೆ ನಂಬಬೇಡಿ, ಅದು ಎಷ್ಟೋ ಸಲ ಪ್ರಕಾಶಕರು ತಾವೇ ಬರೆದುಕೊಟ್ಟ ಲೆಕ್ಕ.

ಪ್ರತಿ ಎಲ್ಲಿ ಸಿಗುತ್ತದೆ? ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಕಳಿಸಬೇಕೆಂಬ 1954ರ ಕಾಯ್ದೆಗೆ 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದರು. ಹಾಗಾಗಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಗ್ರಂಥಾಲಯ ಎರಡನ್ನೂ ನೋಡಬೇಕು. ನಮ್ಮಲ್ಲಿ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಶುರುಮಾಡಿ. ಆದರೆ ಕೂಲಿಗೆ ದುಡ್ಡಿಲ್ಲದ ಪತ್ರಿಕೆ ಅಂಚೆಗೆ ದುಡ್ಡು ಹಾಕಿ ಪ್ರತಿ ಕಳಿಸಿರುತ್ತದಾ? ಹಾಗಾಗಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಳೇ ಕಂಪೋಸಿಟರುಗಳ ಮನೆ, ಏಜೆಂಟರ ಅಟ್ಟ, ರದ್ದಿ ಅಂಗಡಿ ಇವನ್ನೂ ಬಿಡುವಂತಿಲ್ಲ.

ಸ್ವಾತಂತ್ರ್ಯಕ್ಕಿಂತ ಹಿಂದಿನ ಪತ್ರಿಕೆಯಾದರೆ ಆಗ ಆ ಊರು ಯಾರ ಕೈಯಲ್ಲಿತ್ತು ಅನ್ನುವುದು ಮುಖ್ಯ. ಧಾರವಾಡದ್ದಾದರೆ ಮುಂಬಯಿ ಸರ್ಕಾರದ ಕಡತ, ಮಂಗಳೂರು, ಬಳ್ಳಾರಿಯದ್ದಾದರೆ ಮದರಾಸಿನದ್ದು, ಕಲಬುರಗಿಯಾದರೆ ನಿಜಾಮರದ್ದು. ಮದರಾಸು, ಮುಂಬಯಿ ಸರ್ಕಾರಗಳು ದೇಶಭಾಷೆ ಪತ್ರಿಕೆಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ಗುಟ್ಟಾಗಿ ಬರೆಸಿ ಇಡುತ್ತಿದ್ದವು. ಪತ್ರಿಕೆ ಗೆದ್ದಲು ತಿಂದುಹೋಗಿದ್ದರೂ ಪೊಲೀಸರಿಗೆ ಸಿಟ್ಟು ಬರಿಸಿದ ಸಾಲು ಅಲ್ಲಿ ಉಳಿದಿರಬಹುದು. ಮೈಸೂರಿನಲ್ಲಂತೂ 1908ರ ಪತ್ರಿಕಾ ಕಾನೂನು ಬಂದ ಮೇಲೆ ಪತ್ರಿಕೆ ಶುರುಮಾಡಲು ಸರ್ಕಾರದ ಒಪ್ಪಿಗೆಯೇ ಬೇಕಿತ್ತು, ಅಂದರೆ ಅರ್ಜಿ ಇರುತ್ತದೆ, ಅರ್ಜಿಯ ಮೇಲೆ ಟಿಪ್ಪಣಿಯೂ ಇರುತ್ತದೆ. ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಕೇಳಿ ನೋಡಿ. ಬ್ರಿಟಿಷ್ ಪ್ರಾಂತ್ಯದ ಪತ್ರಿಕೆ 1930ರ ದಶಕದಲ್ಲಿ ನಿಂತಿದ್ದರೆ ಠೇವಣಿ ಕೇಳಿದ್ದರಾ ಅಂತ ಮೊದಲು ನೋಡಿ. 1931ರ ಕಾಯ್ದೆಯಲ್ಲಿ ಪ್ರೆಸ್ಸಿನವರಿಂದ, ಪ್ರಕಾಶಕರಿಂದ ಜಾಮೀನು ಹಣ ವಸೂಲು ಮಾಡುವ ಅಧಿಕಾರ ಇತ್ತು, ಬಡ ಪತ್ರಿಕೆಯ ಕತ್ತು ಹಿಸುಕಲು ಅಷ್ಟು ಸಾಕಿತ್ತು.

ಇನ್ನು ಪತ್ರಿಕೆ ಸತ್ತ ದಿನ. ಇಲ್ಲೇ ಎಲ್ಲರೂ ಎಡವುವುದು. ಕೆಲವು ಸಲ ಪತ್ರಿಕೆ ಸಾಯುವುದಿಲ್ಲ, ಹೆಸರು ಬದಲಿಸುತ್ತದೆ, ಇಲ್ಲವೇ ಅದೇ ಗುಂಪು ಬೇರೆ ಹೆಸರಿನಲ್ಲಿ ಇನ್ನೊಂದು ಪತ್ರಿಕೆ ತರುತ್ತದೆ. ಕೇರಳದಲ್ಲಿ ಕಾಂಗ್ರೆಸ್ ಸೋಷಿಯಲಿಸ್ಟ್ ಪಕ್ಷಕ್ಕಾಗಿ ಇ.ಎಂ.ಎಸ್. ನಂಬೂದಿರಿಪಾಡ್ 1935ರಲ್ಲಿ ಶೋರನೂರಿನಿಂದ ಹೊರತಂದ 'ಪ್ರಭಾತಂ' ಹೆಚ್ಚು ಕಾಲ ಬಾಳಲಿಲ್ಲ, ಆದರೆ ಅದರ ಹಿಂದಿದ್ದ ಗುಂಪೇ ಕಮ್ಯುನಿಸ್ಟರಾಗಿ 1942ರಲ್ಲಿ ಕಲ್ಲಿಕೋಟೆಯಲ್ಲಿ 'ದೇಶಾಭಿಮಾನಿ' ಶುರುಮಾಡಿತು. ಇನ್ನೂ ಒಂದು ಮೋಸ ಇದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಪತ್ರಿಕೆ ನಿಂತರೆ ಡಿಕ್ಲರೇಷನ್ ಬಿದ್ದುಹೋಗುತ್ತಿತ್ತು. ಹತ್ತು ತಿಂಗಳ ಮೌನದ ನಂತರ ಒಂದೇ ಸಂಚಿಕೆ, ಅದೂ ಎರಡು ಹಾಳೆಯದ್ದು ಸಿಕ್ಕರೆ ಪತ್ರಿಕೆಗೆ ಜೀವ ಬಂತು ಅಂತ ಬರೆಯಬೇಡಿ, ಹೆಸರು ಉಳಿಸಿಕೊಳ್ಳಲು ಹಾಕಿಸಿದ್ದಿರಬಹುದು.

ಕೊನೆ ಕೊನೆಯ ಸಂಚಿಕೆಗಳಲ್ಲಿ ಸಂಪಾದಕೀಯಕ್ಕಿಂತ ಜಾಹೀರಾತು ನೋಡಿ. ಅಂಗಡಿಗಳ ಜಾಹೀರಾತು ಹೋಗಿ ಶುಭಾಶಯಗಳಷ್ಟೇ ಉಳಿದಿದ್ದರೆ, ಪುಟ ಇಳಿದು ಬೆಲೆ ಏರಿದ್ದರೆ, ಚಂದಾ ಬಾಕಿ ಕಳಿಸಿ ಅನ್ನುವ ಬೇಡಿಕೆ ಪದೇ ಪದೇ ಬಂದಿದ್ದರೆ ಕಾರಣ ಬೇರೆ ಹುಡುಕಬೇಕಿಲ್ಲ ಅಲ್ವಾ? ಈ ಹೊತ್ತಿಗೆ ಹಳೇ ನಾಯಕರ ಮನೆಗೆ ಹೋಗಿ, ಚಂದಾ ಬಾಕಿಯ ಆ ಪುಟವನ್ನೇ ಮುಂದೆ ಇಡಿ. ಬರೆಯುವಾಗ ಮಾತ್ರ "ಕೊನೆಯ ಸಂಚಿಕೆ" ಅನ್ನಬೇಡಿ, "ನನಗೆ ಸಿಕ್ಕ ಕೊನೆಯ ಸಂಚಿಕೆ" ಅಂತ ಬರೆದು ಸಂಪುಟ, ಸಂಚಿಕೆ, ತಾರೀಖು ಹಾಕಿ. ನಾಳೆ ಯಾರದ್ದೋ ಅಟ್ಟದಿಂದ ಇನ್ನೊಂದು ಇಳಿಯಬಹುದು.