ಹೂವಿನಂಗಡಿ ಮುಂದೆ ಒಂದು ಚೆಂದದ ಫೋಟೊ

ಮೈಸೂರಿನ ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದರೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಎಷ್ಟು ಚೆಲುವೆಯಾದರೂ ದಣಿದಂತೆ ಕಾಣುತ್ತಾಳೆ.

ಮೊದಲು ಎರಡು ಮೊಳ ಮಲ್ಲಿಗೆ ಕೊಳ್ಳಿ. ಆಮೇಲೆ "ಅಕ್ಕ, ಇಲ್ಲೊಂದು ಫೋಟೊ ತೆಗೀಲಾ?" ಅಂತ ಕೇಳಿ. ವ್ಯಾಪಾರದ ಹೊತ್ತಲ್ಲಿ ದಾರಿಗೆ ಅಡ್ಡ ನಿಲ್ಲಬೇಡಿ.

ಫೋನಿನ ಲೆನ್ಸನ್ನು ಹತ್ತಿಬಟ್ಟೆಯಿಂದ ಒರೆಸಿ. ಅರ್ಧದಷ್ಟು ಫೋಟೊ ಮಸುಕಾಗುವುದು ಬೆರಳಿನ ಎಣ್ಣೆಯಿಂದಲೇ ಎನ್ನುವುದು ನನ್ನ ಅನುಭವ. ಟಾರ್ಪಾಲಿನ ನೆರಳು ಮುಗಿಯುವ ಅಂಚಿನಲ್ಲಿ, ಬೆಳಕಿನತ್ತ ಮುಖ ಮಾಡಿ ನಿಲ್ಲಿ. ಭುಜ ಸ್ವಲ್ಪ ಓರೆ, ಗದ್ದ ತುಸು ಮುಂದೆ. ತೆಗೆಯುವವರು ನಾಲ್ಕು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಲಿ. ತೀರ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಕೈ ಎಲ್ಲಿಡಬೇಕೆಂದು ತಿಳಿಯದಿದ್ದರೆ ಹೂವಿನ ದಂಡೆ ಹಿಡಿಯಿರಿ. ಹಳದಿ ಸೇವಂತಿಗೆ ರಾಶಿಯ ಮುಂದೆ ನಾನು ಉಡುವುದು ಕೆಂಪು ಸೆರಗಿನ ಇಳಕಲ್ ಸೀರೆ. ಹಳದಿ ಉಟ್ಟರೆ ರಾಶಿಯಲ್ಲೇ ಕರಗಿಹೋಗುತ್ತೀರಿ.

ಫೋಟೊ ಹಾಕುವಾಗ ಅಂಗಡಿ ಯಾವ ಸಾಲಿನಲ್ಲಿದೆ, ಏನು ಸಿಗುತ್ತದೆ ಎಂದು ಬರೆಯಿರಿ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಇದ್ದರೆ ಅಲ್ಲೂ ನಾಲ್ಕು ಸಾಲು ಬರೆಯಿರಿ. "ಸೂಪರ್" ಅಂದರೆ ಯಾರಿಗೂ ಉಪಯೋಗವಿಲ್ಲ. "ಒತ್ತಾಗಿ ಕಟ್ಟಿದ ದಂಡೆ, ಸಂಜೆಯಾದರೂ ಉದುರಲಿಲ್ಲ" ಅಂದರೆ ಗಿರಾಕಿ ಬರುತ್ತಾರೆ.

ಮಾರುವವರು ಒಪ್ಪಿದರೆ ಅವರದ್ದೂ ಒಂದು ಫೋಟೊ ತೆಗೆದು ಪ್ರಿಂಟ್ ಹಾಕಿಸಿ ಕೊಡಿ. ನಾನು ಕೊಟ್ಟದ್ದನ್ನು ಹೂ ಮಾರುವ ಅಕ್ಕ ಒಬ್ಬರು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದಾರೆ. ಚಿಲ್ಲರೆ ತೆಗೆಯುವಾಗಲೆಲ್ಲ ಕಾಣುತ್ತದೆ.