ಸೈಕಲ್ ಜಿಪಿಎಸ್‌ಗೆ ಪುಕ್ಕಟೆ ಮ್ಯಾಪ್ ಹಾಕುವುದು ಹೀಗೆ

ನಂದಿ ಬೆಟ್ಟದ ದೊಡ್ಡ ರಸ್ತೆಗೆ ಮ್ಯಾಪ್ ಯಾಕೆ, ಭಾನುವಾರ ಬೆಳಿಗ್ಗೆ ಮುಂದಿನ ಸೈಕಲ್‌ಗಳ ಹಿಂದೆ ಹೋದರಾಯ್ತು. ಮ್ಯಾಪ್ ಬೇಕಾಗುವುದು ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಕಡೆ ದ್ರಾಕ್ಷಿ ತೋಟಗಳ ನಡುವೆ ಸುತ್ತುವ ಹಳ್ಳಿ ದಾರಿಗೆ. ಅಲ್ಲಿ ನಿಮ್ಮ ಸೈಕಲ್ ಜಿಪಿಎಸ್, ಅಂದರೆ ಗಾರ್ಮಿನ್ ಕಂಪನಿಯ ಎಡ್ಜ್, ಬರೀ ಖಾಲಿ ಪರದೆ ತೋರಿಸುತ್ತಿದ್ದರೆ ದುಡ್ಡು ಕೊಟ್ಟು ಮ್ಯಾಪ್ ಕೊಳ್ಳಬೇಕಿಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆಯಲ್ಲ, ಜನರೇ ಸೇರಿ ಬರೆಯುತ್ತಿರುವ ಮ್ಯಾಪ್, ಅದು ಸಾಕು.

ಆ ಮ್ಯಾಪ್‌ನಿಂದ ನಮಗೆ ಬೇಕಾದ ಜಾಗವನ್ನಷ್ಟೇ ಕತ್ತರಿಸಿ ಕೊಡುವ ಬಿಬಿಬೈಕ್ (BBBike) ಸೈಟ್‌ನ ಎಕ್ಸ್‌ಟ್ರ್ಯಾಕ್ಟ್ ಪುಟವನ್ನು ಕಂಪ್ಯೂಟರ್‌ನಲ್ಲಿ ತೆರೆಯಿರಿ. ಚಿಕ್ಕಬಳ್ಳಾಪುರದ ಸುತ್ತ ಒಂದು ಚೌಕ ಎಳೆಯಿರಿ. ದೇವನಹಳ್ಳಿ, ಗೌರಿಬಿದನೂರು, ಚಿಂತಾಮಣಿ ಒಳಗೆ ಬಂದರೆ ಒಂದು ದಿನದ ಸವಾರಿಗೆ ಧಾರಾಳ. ಇಡೀ ಇಂಡಿಯಾನೇ ಇರಲಿ ಅಂತ ಆಸೆಪಡಬೇಡಿ, ಎಡ್ಜ್ 520ರಂಥ ಹಳೇದರಲ್ಲಿ ಮ್ಯಾಪ್‌ಗೆ ನೂರು ಎಂಬಿ ಜಾಗವೂ ಸಿಗಲ್ಲ. ಫಾರ್ಮ್ಯಾಟ್‌ನಲ್ಲಿ ಗಾರ್ಮಿನ್ ಸೈಕಲ್ ಆರಿಸಿ ಇಮೇಲ್ ಕೊಡಿ. ಸ್ವಲ್ಪ ಹೊತ್ತಿಗೆ ಲಿಂಕ್ ಬರುತ್ತದೆ.

ಬಂದ ಜಿಪ್ ಫೈಲನ್ನು ಬಿಚ್ಚಿದರೆ ಒಳಗೆ 'ಜಿಮ್ಯಾಪ್‌ಸಪ್ ಡಾಟ್ ಐಎಂಜಿ' (gmapsupp.img) ಅನ್ನುವ ಫೈಲ್ ಇರುತ್ತದೆ. ನಮಗೆ ಬೇಕಾದದ್ದು ಅದೊಂದೇ. ಎಡ್ಜನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಅದರ 'ಗಾರ್ಮಿನ್' (Garmin) ಫೋಲ್ಡರ್‌ಗೆ ಕಾಪಿ ಮಾಡಿ. ಎಡ್ಜ್ ಕಾಣಿಸುತ್ತಲೇ ಇಲ್ಲವಾ? ಮೊದಲು ಕೇಬಲ್ ಬದಲಿಸಿ ನೋಡಿ, ಕೆಲವು ಕೇಬಲ್ ಸುಮ್ನೆ ಚಾರ್ಜ್‌ಗೆ ಮಾತ್ರ. ಮ್ಯಾಕ್ ಇದ್ದವರಿಗೆ ಹೊಸ ಎಡ್ಜ್‌ಗಳು ನೇರವಾಗಿ ಕಾಣಿಸದೇ ಇರಬಹುದು, ಅದಕ್ಕೆ ಓಪನ್‌ಎಂಟಿಪಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಎಡ್ಜ್ 800, 1000 ಇದ್ದವರು ಮೈಕ್ರೊಎಸ್‌ಡಿ ಕಾರ್ಡಿನಲ್ಲೇ 'ಗಾರ್ಮಿನ್' ಅಂತ ಫೋಲ್ಡರ್ ಮಾಡಿ ಅಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಅದೇ ಹೆಸರಿನ ಹಳೇ ಫೈಲ್ ಮೊದಲೇ ಇದ್ದರೆ ಅದರ ಮೇಲೆ ಬರೆಯಬೇಡಿ, ಮೊದಲು ಕಂಪ್ಯೂಟರ್‌ಗೆ ತೆಗೆದಿಟ್ಟುಕೊಳ್ಳಿ. ಮುಗಿದ ಮೇಲೆ ಎಜೆಕ್ಟ್ ಕೊಟ್ಟೇ ಕೇಬಲ್ ಕೀಳಿ.

ಜನ ಎಡವುವುದು ಇದಾದ ಮೇಲೆ. ಎಡ್ಜ್‌ನ ಆ್ಯಕ್ಟಿವಿಟಿ ಪ್ರೊಫೈಲ್ (ಒಂದೊಂದು ಬಗೆಯ ಸವಾರಿಗೆ ಇಟ್ಟ ಸೆಟ್ಟಿಂಗ್), ಅದರಲ್ಲಿ ನ್ಯಾವಿಗೇಷನ್, ಅದರಲ್ಲಿ ಮ್ಯಾಪ್‌ಗೆ ಹೋಗಿ ಹೊಸದನ್ನು ಆನ್ ಮಾಡಿ, ಅದೇ ಜಾಗದ ಹಳೇದನ್ನು ಆಫ್ ಮಾಡಿ. ಎರಡೂ ಆನ್ ಇದ್ದರೆ ಒಂದರ ಮೇಲೊಂದು ಕೂತು ಹೊಸದು ಕಾಣುವುದೇ ಇಲ್ಲ, ಆಮೇಲೆ ಮ್ಯಾಪೇ ಸರಿಯಿಲ್ಲ ಅಂತ ಬೈಯುವುದು! ರೋಡ್ ಬೈಕ್‌ಗೆ, ಎಂಟಿಬಿಗೆ (ಮೌಂಟನ್ ಬೈಕ್‌ಗೆ) ಬೇರೆ ಬೇರೆ ಪ್ರೊಫೈಲ್ ಇಟ್ಟಿದ್ದರೆ ಎರಡರಲ್ಲೂ ಇದನ್ನೇ ಮಾಡಬೇಕು.

ಮನೆಯಲ್ಲೇ ಪರದೆಯನ್ನು ಮುದ್ದೇನಹಳ್ಳಿಗೆ ಸರಿಸಿ, ದೊಡ್ಡದು ಮಾಡಿ ನೋಡಿ. ಸಣ್ಣ ದಾರಿಗಳು ಗೆರೆಗೆರೆಯಾಗಿ ಕಾಣಬೇಕು. ನಿಮಗೆ ಗೊತ್ತಿರುವ ಯಾವುದೋ ದಾರಿ ಇಲ್ಲ ಅಂದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ನೀವೇ ಸೇರಿಸಬಹುದು, ಕೆಲವು ದಿನ ಬಿಟ್ಟು ಹೊಸ ಫೈಲ್ ಇಳಿಸಿಕೊಂಡರೆ ಅದರಲ್ಲಿ ಬಂದಿರುತ್ತದೆ.